ಗೋಡೆಯೊಳಗಿನ ತೇವ

ನೀವು ಒಂದು ಮನೆಯನ್ನು ಕೊಳ್ಳಲು ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಮನೆ ನೋಡಲು ಹೋದಾಗ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಚಾವಡಿಯ ಅಗಲಕ್ಕೆ, ಬಾಗಿಲಿನ ಮರಕ್ಕೆ, ಅಡುಗೆಮನೆಯ ಬೆಳಕಿಗೆ. ಬಾವಿಯಲ್ಲಿ ನೀರಿದೆಯೇ, ಮಸೀದಿ ಎಷ್ಟು ದೂರ, ಮಕ್ಕಳ ಶಾಲೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತೀರಿ. ಕಪಾಟನ್ನು ಸರಿಸಿ ಅದರ ಹಿಂದಿನ ಗೋಡೆಗೆ ಅಂಗೈಯೊತ್ತಿ ನೋಡುವವರು ನಮ್ಮಲ್ಲಿ ಎಷ್ಟು ಮಂದಿ? ನಾನಂತೂ ನೋಡಿರಲಿಲ್ಲ.

2021ರ ಮಾರ್ಚ್ ತಿಂಗಳಲ್ಲಿ ನಾನು ಮಂಗಳೂರಿನಿಂದ ಸ್ವಲ್ಪ ದೂರದ ಊರೊಂದರಲ್ಲಿ ಹಳೆಯ ಹಂಚಿನ ಮನೆಯೊಂದನ್ನು ಕೊಂಡೆ. ಹತ್ತು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದವನಿಗೆ ಅದು ಎಂತಹ ಸಂತಸ ಎಂಬುದನ್ನು ಅನುಭವಿಸಿದವರೇ ಬಲ್ಲರು. ಮಡದಿಯ ಬಳೆಗಳು, ಅಣ್ಣನಿಂದ ಪಡೆದ ಸಾಲ, ನನ್ನ ಉಳಿತಾಯ ಎಲ್ಲವೂ ಅದಕ್ಕೆ ಹೋದವು. ಮನೆಗೆ ಆಗಷ್ಟೇ ಹೊಸ ಬಣ್ಣ ಹಚ್ಚಲಾಗಿತ್ತು. ಗೋಡೆಗಳು ನುಣುಪಾಗಿ ಹೊಳೆಯುತ್ತಿದ್ದವು. ಋಣಭಾರ ಪತ್ರ ತೆಗೆಸಿದೆ, ಪಹಣಿ ನೋಡಿದೆ, ಹಿಂದಿನ ದಸ್ತಾವೇಜುಗಳನ್ನು ವಕೀಲರಿಗೆ ತೋರಿಸಿದೆ. ಕಾಗದ ಪತ್ರಗಳಲ್ಲಿ ಒಂದು ಕಲೆಯೂ ಇರಲಿಲ್ಲ.

ಆ ವರ್ಷ ಮಳೆಗಾಲ ಬರುವವರೆಗೆ ಕಾಯಬೇಕಾಗಲಿಲ್ಲ. ಮೇ ತಿಂಗಳ ನಡುವಿನಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯನ್ನು ಅಪ್ಪಳಿಸಿತು. ಎರಡು ದಿನ ಸುರಿದ ಮಳೆಗೆ ಮಲಗುವ ಕೋಣೆಯ ಗೋಡೆಯಲ್ಲಿ ಮೊದಲು ಒಂದು ನೆರಳು ಕಾಣಿಸಿತು. ಮರುದಿನ ಆ ನೆರಳು ಊದಿಕೊಂಡಿತು. ಮೂರನೆಯ ದಿನ ಬಣ್ಣ, ಅದರ ಕೆಳಗಿನ ಪುಟ್ಟಿ, ಅದರ ಕೆಳಗಿನ ತೆಳು ಸಾರಣೆ ಎಲ್ಲವೂ ಒಂದು ಹಪ್ಪಳದಂತೆ ಕಳಚಿ ನನ್ನ ಮಗಳ ಹಾಸಿಗೆಯ ಮೇಲೆ ಬಿದ್ದವು. ಒಳಗೆ ಕಂಡದ್ದು ಕಪ್ಪಾದ, ವರ್ಷಗಳ ಹಳೆಯ ತೇವ. ಅಟ್ಟಕ್ಕೆ ಹತ್ತಿ ನೋಡಿದರೆ ಎರಡು ಪಕ್ಕಾಸುಗಳನ್ನು ಗೆದ್ದಲು ತಿಂದು, ಹೊರಗಿನ ಸಿಪ್ಪೆ ಮಾತ್ರ ಉಳಿದಿತ್ತು. ಆ ಸಿಪ್ಪೆಗೂ ಬಣ್ಣ ಬಳಿಯಲಾಗಿತ್ತು! ಲಾಕ್‌ಡೌನಿನ ಕಾಲ; ಕೆಲಸಕ್ಕೆ ಜನ ಸಿಗುವಂತಿರಲಿಲ್ಲ. ಆ ಇಡೀ ಮಳೆಗಾಲವನ್ನು ನಾವು ಬಕೆಟುಗಳನ್ನೂ ಹಳೆಯ ಬಟ್ಟೆಗಳನ್ನೂ ಸರಿಸುತ್ತಾ ಕಳೆದೆವು.

ಕೆಂಪುಕಲ್ಲಿನ ಗುಣ

ಕರಾವಳಿಯ ಕೆಂಪುಕಲ್ಲಿನ ಕುರಿತು ಇಲ್ಲಿ ಎರಡು ಮಾತು ಹೇಳಬೇಕು. ಫ್ರಾನ್ಸಿಸ್ ಬುಕಾನನ್ ಎಂಬವರು ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೋಡಿ, 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಕಥನದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟರು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರದು. ನೆಲದಿಂದ ತೆಗೆಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು ಇದು. ಆದರೆ ಅದರ ಮೈತುಂಬಾ ರಂಧ್ರಗಳು. ನೀರನ್ನು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಹಿಂದಿನವರು ಸುಣ್ಣದ ಸಾರಣೆ ಮಾಡುತ್ತಿದ್ದರು, ಗೋಡೆ ಉಸಿರಾಡುತ್ತಿತ್ತು. ಈಗ ನಾವು ಅದರ ಮೇಲೆ ಸಿಮೆಂಟು, ಪುಟ್ಟಿ, ಪ್ಲಾಸ್ಟಿಕ್ ಬಣ್ಣಗಳನ್ನು ಬಳಿಯುತ್ತೇವೆ. ಹೊರಗಿನಿಂದ ಗೋಡೆ ಒಣಗಿದಂತೆ ಕಾಣುತ್ತದೆ, ಒಳಗಿನ ನೀರಿಗೆ ಹೊರಬರುವ ದಾರಿಯಿರುವುದಿಲ್ಲ. ಮುಚ್ಚಿಟ್ಟ ತೇವ ಮಾಯವಾಗುವುದಿಲ್ಲ. ಅದು ಕಲ್ಲಿನಿಂದ ಕಲ್ಲಿಗೆ ಹರಡುತ್ತದೆ.

ಮಾರಿದವರಿಗೆ ಫೋನು ಮಾಡಿದೆ. “ಮಾಸ್ತರರೇ, ಹಳೆಯ ಮನೆ ಎಂದು ತಿಳಿದೇ ತೆಗೆದುಕೊಂಡದ್ದಲ್ಲವೇ? ಮಳೆಗಾಲದಲ್ಲಿ ಯಾರ ಮನೆಯ ಗೋಡೆ ಒದ್ದೆಯಾಗುವುದಿಲ್ಲ?” ಎಂದರು. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ.

ಆ ಸಿಟ್ಟಿಗೆ ನನ್ನಲ್ಲಿ ಆಧಾರಗಳೂ ಇದ್ದವು. ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಾಗಿದ ಘಟನೆಯನ್ನು ನೀವೆಲ್ಲ ಕೇಳಿದ್ದೀರಿ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ನೆನೆದ ಭಾಗವನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಧಾನ್ಯ ನೆನೆದದ್ದು ವ್ಯಾಪಾರಿಯ ಅಪರಾಧವಾಗಿರಲಿಲ್ಲ. ಮಳೆ ಅಲ್ಲಾಹನದು. ಒದ್ದೆಯ ಮೇಲೆ ಒಣಗಿದ್ದನ್ನು ಹರಡಿದ ಕೈ ಮಾತ್ರ ವ್ಯಾಪಾರಿಯದು.

ಕರ್ಮಶಾಸ್ತ್ರ ವಿದ್ವಾಂಸರು ಈ ತತ್ವದ ಮೇಲೆ ‘ಖಿಯಾರುಲ್ ಐಬ್’ ಎಂಬ ನಿಯಮವನ್ನು ವಿವರಿಸಿದ್ದಾರೆ. ಕೊಂಡ ವಸ್ತುವಿನಲ್ಲಿ ಬೆಲೆಯನ್ನು ತಗ್ಗಿಸುವಂತಹ ಹಳೆಯ ದೋಷವೊಂದು ಅನಂತರ ಕಂಡುಬಂದರೆ, ಅದನ್ನು ಹಿಂದಿರುಗಿಸುವ ಆಯ್ಕೆ ಕೊಂಡವನಿಗಿದೆ. ದೋಷ ತಿಳಿದ ಮೇಲೂ ಒಪ್ಪಿದವನಂತೆ ಬಳಸುತ್ತಾ ಹೋದವನಿಗೆ ಆ ಆಯ್ಕೆ ಉಳಿಯುವುದಿಲ್ಲ. ನಮ್ಮ ದೇಶದ ಕಾನೂನು ಕೂಡಾ ಇದಕ್ಕೆ ದೂರವಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ಮಹತ್ವದ ದೋಷವನ್ನು ಮಾರುವವನು ತಿಳಿಸಲೇಬೇಕು. ‘ಸಾಮಾನ್ಯ ಎಚ್ಚರಿಕೆ’ ಎಂಬ ಮಾತನ್ನೂ ಗಮನಿಸಿರಿ. ಕೊಳ್ಳುವವನಿಗೂ ಕಣ್ಣಿರಬೇಕು. ಸಾಧ್ಯವಾದರೆ ಮಳೆಗಾಲದಲ್ಲಿ ಒಮ್ಮೆ ಮನೆ ನೋಡಿರಿ. ಅಟ್ಟಕ್ಕೆ ಹತ್ತಿರಿ. ಪಕ್ಕಾಸಿಗೆ ಸ್ಕ್ರೂಡ್ರೈವರಿನ ತುದಿಯನ್ನು ಚುಚ್ಚಿರಿ. ಆಗಷ್ಟೇ ಬಣ್ಣ ಕಂಡ ಗೋಡೆಯಿದ್ದರೆ, ಇದೊಂದಕ್ಕೆ ಏಕೆ ಬಣ್ಣ ಎಂದು ಕೇಳಿರಿ. ನೆರೆಹೊರೆಯವರನ್ನು ವಿಚಾರಿಸಿರಿ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಮೋಸ ಹೋದವನೊಬ್ಬನ ದೂರಾಗುತ್ತಿತ್ತು. ನಿಜಕ್ಕೂ ನಾನು ಹೇಳಬೇಕಾದದ್ದು ಇನ್ನು ಮುಂದೆ ಇದೆ.

ನೀರು ಹೋದದ್ದೆಲ್ಲಿಗೆ?

2022ರ ಬೇಸಗೆಯಲ್ಲಿ ರಿಪೇರಿ ಕೆಲಸ ಆರಂಭಿಸಿದೆ. ಹೊಸ ಮನೆಯೊಡೆಯನೆಂದರೆ ಏನೆಂದು ಆಗ ತಿಳಿಯಿತು. ಒಂದು ಹಂಚು ಬದಲಿಸಲು ಹೋದರೆ ರೀಪು ಮುರಿಯುತ್ತದೆ, ರೀಪು ಬದಲಿಸಲು ಹೋದರೆ ಪಕ್ಕಾಸು ಅಲುಗಾಡುತ್ತದೆ. ಮೂರು ದಿನವೆಂದು ಹೇಳಿದ ಕೆಲಸ ಮೂರು ವಾರ ಹಿಡಿಯಿತು. ನಮ್ಮ ಮೇಸ್ತ್ರಿ ಅನುಭವಸ್ಥರು. ತೇವದ ಮೂಲ ಅವರಿಗೆ ಕೂಡಲೇ ಹೊಳೆಯಿತು. ಮಾಡಿನ ನೀರೆಲ್ಲವೂ ಉತ್ತರದ ಅಂಗಳಕ್ಕೆ ಬಿದ್ದು, ಅಲ್ಲಿ ನಿಂತು, ಪಂಚಾಂಗದ ಮೂಲಕ ಗೋಡೆಗೆ ಏರುತ್ತಿತ್ತು. ಉಪಾಯವೂ ಸುಲಭವಿತ್ತು. ಅಂಗಳಕ್ಕೆ ಒಂದಡಿ ಮಣ್ಣು ತುಂಬಿಸಿ, ಹೊರಗಡೆಗೆ ಇಳಿಜಾರು ಕೊಟ್ಟು, ಮೇಲೆ ಇಂಟರ್‌ಲಾಕ್ ಹಾಸುವುದು. ಸೂರಿಗೆ ದಂಬೆ ಕಟ್ಟಿ, ಪೈಪಿನ ಮೂಲಕ ನೀರನ್ನು ಗಡಿಯ ಅಂಚಿಗೆ ಬಿಡುವುದು.

ಕೆಲಸ ಶುರುಮಾಡುವ ಮುನ್ನ ಮೇಸ್ತ್ರಿ ಒಮ್ಮೆ ನಿಂತರು. “ಮಾಸ್ತರರೇ, ನೀರು ಆಚೆ ಮನೆಯ ಬದಿಗೆ ಹೋಗ್ತದೆ. ಅಡ್ಡಿಯಿಲ್ವಾ?” ಎಂದು ಕೇಳಿದರು.

ಆಚೆ ಮನೆಯಲ್ಲಿರುವುದು ವಿಧವೆಯೊಬ್ಬರು. ಊರಿನವರೆಲ್ಲ ಅವರನ್ನು ‘ಅಕ್ಕ’ ಎಂದೇ ಕರೆಯುತ್ತಾರೆ. ನಾವು ಬಂದ ದಿನ ನಮಗೆ ಕುಡಿಯಲು ನೀರು ತಂದುಕೊಟ್ಟವರು ಅವರು. ಅವರ ಅಡುಗೆಮನೆಯ ಗೋಡೆ ನಮ್ಮ ಗಡಿಯಿಂದ ನಾಲ್ಕು ಅಡಿ ದೂರದಲ್ಲಿದೆ.

ನಾನು ಮೇಸ್ತ್ರಿಗೆ ಕೊಟ್ಟ ಉತ್ತರ ಇದು: “ನಮ್ಮ ಜಾಗದೊಳಗೆ ತಾನೇ ನಾವು ಮಾಡುವುದು?”

ಅವರು ಮತ್ತೇನೂ ಹೇಳಲಿಲ್ಲ. ಕೆಲಸ ಮುಗಿಯಿತು. ಆ ಮಳೆಗಾಲದಲ್ಲಿ ನಮ್ಮ ಗೋಡೆ ಒಣಗಿತ್ತು. ಮಗಳ ಹಾಸಿಗೆಯನ್ನು ಮತ್ತೆ ಗೋಡೆಗೆ ಒತ್ತಿ ಹಾಕಿದೆವು. ಅಲ್ಲಾಹನಿಗೆ ಸ್ತುತಿ ಹೇಳಿದೆ.

2023ರ ಜುಲೈ ತಿಂಗಳ ಒಂದು ಸಂಜೆ ಅಕ್ಕನಿಗೆ ಜ್ವರವೆಂದು ತಿಳಿದು ಮಡದಿಯೊಂದಿಗೆ ನೋಡಲು ಹೋದೆ. ಅಡುಗೆಮನೆಯಲ್ಲಿ ಕುಳಿತೆವು. ಎದುರಿನ ಗೋಡೆಯಲ್ಲಿ, ನೆಲದಿಂದ ಮೂರಡಿ ಎತ್ತರಕ್ಕೆ, ಕಪ್ಪು ಗೆರೆ. ಅದೇ ನೆರಳು. ಅದೇ ಊತ. ಅಕ್ಕಿಯ ಡಬ್ಬಿಗಳನ್ನು ಗೋಡೆಯಿಂದ ದೂರ ಸರಿಸಿ ಕೋಣೆಯ ನಡುವೆ ಇಟ್ಟಿದ್ದರು. “ಈ ಎರಡು ವರ್ಷ ಮಳೆ ಜೋರು” ಎಂದರು ಅಕ್ಕ. ನಾನು ಹೌದೆಂದೆ. ಹೌದೆಂದು ಎದ್ದು ಬಂದೆ.

ಓದುಗರೇ, ಆ ‘ಹೌದು’ ಎಂಬ ಒಂದು ಪದಕ್ಕಾಗಿ ನಾನು ಈ ಲೇಖನವನ್ನು ಬರೆಯುತ್ತಿದ್ದೇನೆ. ನನಗೆ ಮನೆ ಮಾರಿದವರು ತೇವದ ಮೇಲೆ ಬಣ್ಣ ಬಳಿದರು. ನಾನು ಅದರ ಮೇಲೆ ಒಂದು ಮಾತನ್ನು ಬಳಿದೆ. ನಮ್ಮಿಬ್ಬರಲ್ಲಿ ಏನು ವ್ಯತ್ಯಾಸ?

ನನ್ನದು ಎಂದರೆ ಎಲ್ಲಿಯವರೆಗೆ?

ಆ ರಾತ್ರಿ ನನ್ನ ಮನಸ್ಸು ನನ್ನ ಪರವಾಗಿ ವಕೀಲಿ ಮಾಡಿತು. ನಾನು ಯಾರ ಜಾಗವನ್ನೂ ಅತಿಕ್ರಮಿಸಿಲ್ಲ. ಸರ್ವೇ ನಕ್ಷೆಯ ಗೆರೆಯಿಂದ ಒಂದು ಬೆರಳಿನಷ್ಟೂ ಆಚೆ ಹೋಗಿಲ್ಲ. ನೀರು ತಗ್ಗಿಗೆ ಹರಿಯುವುದು ಪ್ರಕೃತಿ ನಿಯಮ. 1882ರ ಅನುಭೋಗದ ಹಕ್ಕುಗಳ ಅಧಿನಿಯಮವೂ ಮೇಲಿನ ಜಮೀನಿನ ನೀರು ಕೆಳಗಿನ ಜಮೀನಿಗೆ ಸಹಜವಾಗಿ ಹರಿಯಲು ಬಿಡಬೇಕೆಂದು ಹೇಳುತ್ತದೆ. ಹೀಗಿರುವಾಗ ನನ್ನ ತಪ್ಪೇನು?

‘ಸಹಜವಾಗಿ’ ಎಂಬ ಪದದಲ್ಲಿ ನನ್ನ ವಾದ ಮುರಿದುಬಿತ್ತು. ಒಂದಡಿ ಮಣ್ಣು ತುಂಬಿಸಿದ್ದು ಸಹಜವೇ? ಇಡೀ ಮಾಡಿನ ನೀರನ್ನು ಒಂದು ಪೈಪಿನ ಬಾಯಿಗೆ ತಂದದ್ದು ಸಹಜವೇ? ಲೆಕ್ಕ ಹಾಕಿದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆಯಾಗುತ್ತದೆ. 100 ಚದರ ಮೀಟರಿನ ಮಾಡಿನ ಮೇಲೆ ಅಷ್ಟು ಮಳೆ ಬಿದ್ದರೆ ಮೂರೂವರೆ ಲಕ್ಷ ಲೀಟರ್ ನೀರು. ಅಷ್ಟನ್ನೂ ನಾನು ಒಬ್ಬ ವಿಧವೆಯ ಅಡುಗೆಮನೆಯ ಬುಡಕ್ಕೆ ಸುರಿದಿದ್ದೆ. ಮೇಸ್ತ್ರಿ ಕೇಳಿದ್ದರಿಂದ ತಿಳಿಯದೆ ಮಾಡಿದೆ ಎನ್ನುವ ನೆಪವೂ ನನಗಿರಲಿಲ್ಲ.

ಮದ್ರಸದಲ್ಲಿ ನಾನು ಕಲಿತ, ಮಕ್ಕಳಿಗೆ ಕಲಿಸಿದ ಒಂದು ಸೂತ್ರವಿದೆ. ಹಾನಿಯನ್ನು ನಿವಾರಿಸಲೇಬೇಕು, ಆದರೆ ಅಂತಹುದೇ ಮತ್ತೊಂದು ಹಾನಿಯ ಮೂಲಕ ಅದನ್ನು ನಿವಾರಿಸುವಂತಿಲ್ಲ ಎಂಬುದು ಅದರ ಆಶಯ. ಎಷ್ಟೋ ಬಾರಿ ಪರೀಕ್ಷೆಗೆ ಬರೆದಿದ್ದೆ. ನನ್ನ ಗೋಡೆಯ ತೇವವನ್ನು ಇನ್ನೊಬ್ಬರ ಗೋಡೆಗೆ ದಾಟಿಸಿದಾಗ ತೇವ ಇಲ್ಲವಾಗುವುದಿಲ್ಲ, ಅದರ ವಿಳಾಸ ಮಾತ್ರ ಬದಲಾಗುತ್ತದೆ ಎಂಬುದು ಅಂದು ನನಗೆ ಅರ್ಥವಾಯಿತು.

ಇಂತಹ ವಿಷಯಗಳು ಧರ್ಮಕ್ಕೆ ಸಂಬಂಧಿಸಿದವಲ್ಲ, ಮೇಸ್ತ್ರಿಗಳಿಗೆ ಬಿಟ್ಟದ್ದು ಎಂದು ಕೆಲವರು ತಿಳಿದಿದ್ದಾರೆ. 14ನೆಯ ಶತಮಾನದ ಟ್ಯೂನಿಸ್ ನಗರದಲ್ಲಿ ಇಬ್ನುರ್ರಾಮಿ ಎಂಬ ಮೇಸ್ತ್ರಿಯೊಬ್ಬರಿದ್ದರು. ಕಟ್ಟಡಗಳ ಕುರಿತಾದ ವ್ಯಾಜ್ಯಗಳು ಬಂದಾಗ ಖಾಝಿಯವರು ಅವರನ್ನು ಸ್ಥಳಕ್ಕೆ ಕಳುಹಿಸುತ್ತಿದ್ದರು. ಅವರು ಗೋಡೆಯನ್ನು ಮುಟ್ಟಿ, ನೀರಿನ ದಾರಿಯನ್ನು ನೋಡಿ ವರದಿ ಕೊಡುತ್ತಿದ್ದರು. ಇಬ್ಬರ ನಡುವಿನ ಗೋಡೆ, ಮಾಡಿನ ನೀರು, ಚರಂಡಿ, ಒಲೆಯ ಹೊಗೆ, ನೆರೆಮನೆಯ ಅಂಗಳ ಕಾಣುವ ಕಿಟಕಿ ಇವುಗಳ ಕುರಿತಾದ ವಿಧಿಗಳನ್ನೆಲ್ಲ ಕಲೆಹಾಕಿ ಒಂದು ಗ್ರಂಥವನ್ನೇ ರಚಿಸಿದರು. ಇಬ್ನು ಖಲ್ದೂನ್ ಕೂಡಾ ತಮ್ಮ ‘ಮುಖದ್ದಿಮ’ದಲ್ಲಿ ಕಟ್ಟಡ ಕಲೆಯ ಬಗ್ಗೆ ಬರೆಯುವಾಗ, ಗೋಡೆ, ದಾರಿ ಮತ್ತು ನೀರಿನ ಕಾಲುವೆಗಳಿಗಾಗಿ ನೆರೆಯವರು ಜಗಳವಾಡುವುದನ್ನು ಪ್ರಸ್ತಾಪಿಸಿದ್ದಾರೆ. ಏಳುನೂರು ವರ್ಷಗಳ ಹಿಂದೆಯೂ ಜಗಳ ನೀರಿನದೇ ಆಗಿತ್ತು.

ನೆರೆಯವನು ತನ್ನ ತೊಲೆಯನ್ನು ನಮ್ಮ ಗೋಡೆಯ ಮೇಲಿಡಲು ಬಂದರೆ ತಡೆಯಬಾರದೆಂಬ ಪ್ರವಾದಿವಚನವೂ ಇದೆ. ಇಮಾಮ್ ಅಹ್ಮದ್(ರ)ರವರು ಇದನ್ನು ಕಡ್ಡಾಯವೆಂದು ತಿಳಿದರು. ಬಹುಪಾಲು ವಿದ್ವಾಂಸರು ಇದನ್ನು ಪ್ರೋತ್ಸಾಹಿಸಲಾದ ಸದ್ವರ್ತನೆಯೆಂದು ಹೇಳಿದರು. ಆ ಚರ್ಚೆ ಏನೇ ಇರಲಿ, ಅದರ ದಿಕ್ಕನ್ನು ನೋಡಿರಿ. ನೆರೆಯವನ ಭಾರವನ್ನು ನಮ್ಮ ಗೋಡೆ ಹೊರಬೇಕೆಂದು ಅಲ್ಲಿ ಕೇಳಲಾಗುತ್ತಿದೆ. ನಾನಾದರೋ ನನ್ನ ಭಾರವನ್ನು ನೆರೆಯವರ ಗೋಡೆಗೆ ಹೊರಿಸಿ, ನನ್ನ ಜಾಗ ನನ್ನ ಹಕ್ಕು ಎಂದಿದ್ದೆ.

ಒಡೆತನ ಎಂಬುದೇ ಇಲ್ಲಿ ಪ್ರಶ್ನೆ. ಕಾಗದದಲ್ಲಿ ನನ್ನ ಹೆಸರಿದೆ. ಆ ಹೆಸರಿನೊಂದಿಗೆ ನನಗೆ ಏನೇನು ಬಂತು? ಗೋಡೆ, ಮಾಡು, ಬಾವಿ, ಎರಡು ತೆಂಗಿನ ಮರ. ಆ ಗೋಡೆಯ ತೇವವೂ ಬಂತು. ಆ ಮಾಡಿನ ಮೇಲೆ ಬೀಳುವ ನೀರೂ ಬಂತು. ತೆಂಗಿನಕಾಯಿ ನನ್ನದೆಂದು ಹೇಳುವವನು ನೀರು ಊರಿನದೆಂದು ಹೇಳಲಾರ. ಲಾಭವನ್ನು ಗಡಿಯ ಒಳಗೂ ನಷ್ಟವನ್ನು ಗಡಿಯ ಹೊರಗೂ ಇಡುವುದನ್ನು ಒಡೆತನವೆಂದು ನಾವು ಕರೆಯುತ್ತಿದ್ದೇವೆ. ಸತ್ಯವಿಶ್ವಾಸಿಗೆ ಮನೆಯೊಂದು ಅಮಾನತ್ತು. ಅಮಾನತ್ತನ್ನು ವಹಿಸಿಕೊಂಡವನು ಅದರ ಹೊರೆಯೊಂದಿಗೇ ವಹಿಸಿಕೊಳ್ಳುತ್ತಾನೆ.

ತೆರೆದು ಹೇಳಿದ ಮೇಲೆ

ಎರಡು ದಿನ ತಡಮಾಡಿ ಮೂರನೆಯ ದಿನ ಅಕ್ಕನ ಮನೆಗೆ ಹೋದೆ. ಇದು ಮಳೆಯಿಂದಲ್ಲ, ನನ್ನ ಪೈಪಿನಿಂದ ಎಂದು ಹೇಳಿದೆ. ಮಣ್ಣು ತುಂಬಿಸಿದಾಗಲೇ ಮೇಸ್ತ್ರಿ ಎಚ್ಚರಿಸಿದ್ದರೆಂದೂ ಹೇಳಿದೆ. ಈ ಕೊನೆಯ ಮಾತನ್ನು ನುಂಗಿಬಿಡಲು ನಾಲಗೆ ಬಹಳ ಪ್ರಯತ್ನಿಸಿತು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನನಗೆ ಹೋದ ವರ್ಷವೇ ಗೊತ್ತಾಗಿತ್ತು ಮಾಸ್ತರರೇ. ನೀವಾಗಿ ಹೇಳ್ತೀರೋ ಅಂತ ನೋಡ್ತಿದ್ದೆ” ಎಂದರು.

ನನ್ನ ಗೋಡೆ ಒಣಗಿತ್ತೆಂದು ನಾನು ಸಂತೋಷಪಟ್ಟ ಆ ವರ್ಷವೆಲ್ಲ ಅವರು ನನ್ನನ್ನು ನೋಡುತ್ತಾ ಇದ್ದರು. ನಾನು ಅವರ ಮನೆಯ ಮುಂದೆ ಟೋಪಿ ಧರಿಸಿ ಮಸೀದಿಗೆ ಹೋಗಿ ಬರುತ್ತಿದ್ದೆ. ಅವರು ಯಾವ ಧರ್ಮವನ್ನು ನನ್ನಲ್ಲಿ ಕಂಡಿರಬಹುದು?

ಆ ದಿನವೇ ಪೈಪಿನ ಬಾಯಿಯನ್ನು ತಾತ್ಕಾಲಿಕವಾಗಿ ರಸ್ತೆಯ ಚರಂಡಿಯ ಕಡೆಗೆ ತಿರುಗಿಸಿದೆ. ಮಳೆಗಾಲ ಮುಗಿದ ಮೇಲೆ ಅದೇ ಮೇಸ್ತ್ರಿಯನ್ನು ಕರೆಸಿದೆ. ಗಡಿಯ ಬದಿಯ ಇಂಟರ್‌ಲಾಕ್ ಎಬ್ಬಿಸಿ, ತುಂಬಿಸಿದ ಮಣ್ಣನ್ನು ತೆಗೆದು, ಇಳಿಜಾರನ್ನು ನಮ್ಮ ಅಂಗಳದ ಕಡೆಗೇ ತಿರುಗಿಸಿದೆವು. ಮಾಡಿನ ನೀರನ್ನು ಜಲ್ಲಿ ಮತ್ತು ಮರಳು ತುಂಬಿದ ತೊಟ್ಟಿಯೊಂದರಲ್ಲಿ ಸೋಸಿ ನಮ್ಮ ಬಾವಿಗೆ ಬಿಟ್ಟೆವು. ಉಕ್ಕುವ ನೀರಿಗೆ ಮನೆಯಿಂದ ದೂರದಲ್ಲಿ ಇಂಗುಗುಂಡಿ ತೋಡಿದೆವು. ಅಕ್ಕನ ಅಡುಗೆಮನೆಯ ಹಳೆಯ ಸಾರಣೆಯನ್ನು ಕೆರೆದು, ಬೇಸಗೆಯವರೆಗೆ ಕಲ್ಲನ್ನು ಒಣಗಲು ಬಿಟ್ಟು, ಅನಂತರ ಸುಣ್ಣದ ಸಾರಣೆ ಮಾಡಿಸಿದೆವು. ನನ್ನ ಎರಡು ತಿಂಗಳ ಸಂಬಳ ಹೋಯಿತು. ಅಣ್ಣನ ಸಾಲದ ಕಂತು ತಡವಾಯಿತು. ಅವನಿಗೂ ಕಾರಣ ಹೇಳಬೇಕಾಯಿತು. ಮೊದಲೇ ಸರಿಯಾಗಿ ಮಾಡಿದ್ದರೆ ಇದರ ಅರ್ಧದಷ್ಟೂ ಆಗುತ್ತಿರಲಿಲ್ಲ. ಎಪ್ರಿಲಿನಲ್ಲಿ ಬತ್ತುತ್ತಿದ್ದ ನಮ್ಮ ಬಾವಿಯಲ್ಲಿ ಈಗ ಮೇ ತಿಂಗಳಲ್ಲೂ ಕೊಡ ಮುಳುಗುವಷ್ಟು ನೀರಿರುತ್ತದೆ. ನಾನು ಹೊರದೂಡಿದ್ದು ಅಲ್ಲಾಹನ ಅನುಗ್ರಹವನ್ನಾಗಿತ್ತು.

ಅಕ್ಕನ ಸಂಬಂಧ ಕೂಡಲೇ ಮೊದಲಿನಂತಾಯಿತು ಎಂದು ಹೇಳಿದರೆ ಸುಳ್ಳಾದೀತು. ಗೋಡೆ ಒಣಗಲು ಒಂದು ಬೇಸಗೆ ಸಾಕು. ಮನಸ್ಸು ಒಣಗಲು ಹೆಚ್ಚು ಕಾಲ ಬೇಕು. ಅವರು ಕ್ಷಮಿಸಿದ್ದೇನೆ ಎಂದಿದ್ದಾರೆ. ಆದರೆ ಮಳೆ ಜೋರಾದ ದಿನಗಳಲ್ಲಿ ಅವರು ಹಿತ್ತಿಲಿಗೆ ಬಂದು ನಮ್ಮ ಗಡಿಯ ಕಡೆಗೊಮ್ಮೆ ಇಣುಕುವುದನ್ನು ನಾನು ಕಂಡಿದ್ದೇನೆ. ಅದು ಅವರ ಹಕ್ಕು.

ಈಗ ನಾನೊಂದು ನೋಟು ಪುಸ್ತಕ ಇಟ್ಟಿದ್ದೇನೆ. ಯಾವ ಗೋಡೆಯೊಳಗೆ ಯಾವ ಪೈಪು ಹೋಗಿದೆ, ಯಾವ ಪಕ್ಕಾಸು ಹಳೆಯದು, ಗೆದ್ದಲಿಗೆ ಯಾವಾಗ ಮದ್ದು ಹೊಡೆದೆವು, ಯಾವ ಮೂಲೆ ಇನ್ನೂ ಒದ್ದೆಯಾಗುತ್ತದೆ ಎಲ್ಲವನ್ನೂ ಅದರಲ್ಲಿ ಬರೆಯುತ್ತೇನೆ. ನಾಳೆ ಈ ಮನೆ ನನ್ನ ಮಕ್ಕಳಿಗೆ ಹೋಗಬಹುದು, ಮಾರಾಟವಾಗಬಹುದು, ಬಾಡಿಗೆಗೆ ಹೋಗಬಹುದು. ಬರುವವರಿಗೆ ಕೀಲಿಯೊಂದಿಗೆ ಆ ಪುಸ್ತಕವನ್ನೂ ಕೊಡಬೇಕೆಂದು ಮಡದಿಗೆ ಹೇಳಿಟ್ಟಿದ್ದೇನೆ. ಅದರಿಂದ ಬೆಲೆ ತುಸು ಕಡಿಮೆಯಾದೀತು. ಆಗಲಿ. ಕಡಿಮೆಯಾಗುವ ಆ ಹಣ ಮೊದಲಿಗೂ ನಮ್ಮದಾಗಿರಲಿಲ್ಲ.

ಪ್ರಿಯ ಓದುಗರೇ, ನಿಮ್ಮಲ್ಲಿ ಕೆಲವರು ಹೊಸದಾಗಿ ಮನೆ ಕೊಂಡಿರಬಹುದು, ಕೆಲವರು ಈ ಬೇಸಗೆಯಲ್ಲಿ ರಿಪೇರಿಗೆ ಇಳಿಯಲಿರಬಹುದು. ನೆಲದ ಟೈಲ್ಸು ಯಾವ ಬಣ್ಣದ್ದಿರಬೇಕು ಎಂದು ಮನೆಯವರೆಲ್ಲ ಕುಳಿತು ಮಾತಾಡುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿರಿ: ನಮ್ಮ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಹೊಗೆ, ನಮ್ಮ ಸದ್ದು, ನಮ್ಮ ಹೊಸ ಕಿಟಕಿಯ ನೋಟ ಎಲ್ಲಿಗೆ ಹೋಗುತ್ತದೆ? ಕೆಲಸಗಾರನು ನಿಂತು ಒಂದು ಮಾತು ಕೇಳಿದರೆ ಅದನ್ನು ಕೇಳಿಸಿಕೊಳ್ಳಿರಿ. ಮಳೆ ಬಂದಾಗ ನಿಮ್ಮ ಗೋಡೆಯನ್ನು ಮುಟ್ಟಿ ನೋಡಿದ ಮೇಲೆ, ನೆರೆಮನೆಯ ಗೋಡೆಯನ್ನೂ ಒಮ್ಮೆ ಮುಟ್ಟಿ ನೋಡಿರಿ.

ನಮ್ಮ ಮನೆಗಳನ್ನು ನೆಮ್ಮದಿಯ ತಾಣಗಳನ್ನಾಗಿಯೂ ನೆರೆಯವರಿಗೆ ನಿರ್ಭಯದ ನೆರೆಯನ್ನಾಗಿಯೂ ಅಲ್ಲಾಹನು ಮಾಡಲಿ. ನಾವು ಮುಚ್ಚಿಟ್ಟದ್ದನ್ನು ತೆರೆದು ಹೇಳುವ ಧೈರ್ಯವನ್ನು, ಎಲ್ಲವೂ ತೆರೆದಿಡಲಾಗುವ ಆ ದಿನಕ್ಕೆ ಮುಂಚೆಯೇ, ಅವನು ನಮಗೆ ದಯಪಾಲಿಸಲಿ. ಆಮೀನ್.